ಹಾಯಿಯ ಮೇಲೆ ಎರಡು ದಾರ: ಟೆಲ್‌ಟೇಲ್ ಆರಿಸುವುದು, ಅಂಟಿಸುವುದು, ಓದುವುದು

ಹಾಯಿದೋಣಿ ನಡೆಸುವುದನ್ನು ಕಲಿಯಲು ಹೋದವರ ಕಿವಿಗೆ ಮೊದಲ ದಿನವೇ ಒಂದು ಮಾತು ಬೀಳುತ್ತದೆ: "ದಾರ ನೋಡಿ." ತಲೆ ಎತ್ತಿದರೆ ಎತ್ತರದ ಬಿಳಿ ಹಾಯಿ. ಅದರ ಮುಂದಿನ ಅಂಚಿನ ಹತ್ತಿರ ಗೇಣುದ್ದದ ಉಣ್ಣೆಯ ದಾರ, ಒಂದು ಪುಟ್ಟ ಸ್ಟಿಕ್ಕರ್ ಹಿಡಿದುಕೊಂಡು ಅಲ್ಲಾಡುತ್ತಿರುತ್ತದೆ. ಬಟ್ಟೆಯ ಆಚೆ ಬದಿಯಲ್ಲಿ ಇನ್ನೊಂದು ದಾರ, ನೆರಳಿನ ಹಾಗೆ ಕಾಣುತ್ತದೆ. ಇಷ್ಟು ದೊಡ್ಡ ಹಾಯಿಯನ್ನು ಹೇಗೆ ಹಿಡಿಯಬೇಕು ಅಂತ ಇಷ್ಟು ಸಣ್ಣ ದಾರ ಹೇಳಿಕೊಡುತ್ತದಾ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ?

ಈ ದಾರದ ಹೆಸರು ಟೆಲ್‌ಟೇಲ್. ಗುಟ್ಟು ಬಿಟ್ಟುಕೊಡುವವರನ್ನು ಇಂಗ್ಲಿಷಿನಲ್ಲಿ ಹಾಗೆ ಕರೆಯುತ್ತಾರೆ. ಗಾಳಿ ಕಣ್ಣಿಗೆ ಕಾಣುವುದಿಲ್ಲ. ಅದು ಹಾಯಿಯ ಮೈಮೇಲೆ ಏನು ಮಾಡುತ್ತಿದೆ ಅನ್ನುವ ಗುಟ್ಟನ್ನು ಈ ದಾರ ಬಿಟ್ಟುಕೊಡುತ್ತದೆ. ಆದರೆ ಅಂಗಡಿಯಿಂದ ಒಂದು ಪ್ಯಾಕೆಟ್ ತಂದು ಕಂಡಲ್ಲಿ ಅಂಟಿಸಿದರೆ ಆಗುವುದಿಲ್ಲ. ಯಾವ ದಾರ, ಎಷ್ಟು ಉದ್ದ, ಅಂಚಿನಿಂದ ಎಷ್ಟು ದೂರ ಅನ್ನುವುದೆಲ್ಲ ಅದು ಯಾವ ಗುಟ್ಟು ಹೇಳುತ್ತದೆ ಅನ್ನುವುದರ ಮೇಲೆ ನಿಂತಿದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

## ದಾರ ಹೇಳುವುದು ದಿಕ್ಕನ್ನಲ್ಲ

ಹೊಸಬರು ಮಾಡಿಕೊಳ್ಳುವ ಮೊದಲ ತಪ್ಪು ತಿಳಿವಳಿಕೆ ಇದು. ಗಾಳಿ ಎಲ್ಲಿಂದ ಬೀಸುತ್ತಿದೆ ಅಂತ ತೋರಿಸುವುದಕ್ಕೇ ದಾರ ಇದೆ ಅಂದುಕೊಳ್ಳುತ್ತಾರೆ. ದಿಕ್ಕು ತೋರಿಸಲು ಬೇರೆ ಸಾಧನಗಳಿವೆ. ಮಾಸ್ಟ್, ಅಂದರೆ ಹಾಯಿ ಹೊತ್ತ ಕಂಬದ ತುದಿಯಲ್ಲಿ ತಿರುಗುವ ಬಾಣ ಇರುತ್ತದೆ. ಕಂಬವನ್ನು ಎರಡೂ ಪಕ್ಕದಿಂದ ಹಿಡಿದಿರುವ ತಂತಿಗಳಿಗೆ ಕಟ್ಟಿದ ದಾರಗಳೂ ದಿಕ್ಕು ತೋರಿಸುತ್ತವೆ. ಹಾಯಿಯ ಮೇಲಿನ ದಾರ ಹೇಳುವುದು ಬೇರೆಯದೇ ವಿಷಯ: ಗಾಳಿ ಬಟ್ಟೆಯ ಮೈಗೆ ಅಂಟಿಕೊಂಡು ಹರಿಯುತ್ತಿದೆಯೋ, ಇಲ್ಲ ಬಿಟ್ಟುಹೋಗಿದೆಯೋ.

ಇದು ಯಾಕೆ ಮುಖ್ಯ? ಗಾಳಿಗೆ ಓರೆಯಾಗಿ ಎದುರು ಸಾಗುವಾಗ ಹಾಯಿ ಗಾಳಿಯನ್ನು ತುಂಬಿಕೊಳ್ಳುವ ಚೀಲ ಅಲ್ಲ. ಅದು ವಿಮಾನದ ರೆಕ್ಕೆಯನ್ನು ನೆಟ್ಟಗೆ ನಿಲ್ಲಿಸಿಟ್ಟ ಹಾಗೆ. ಬರುವ ಗಾಳಿ ಹಾಯಿಯ ಮುಂದಿನ ಅಂಚಿನಲ್ಲಿ ಎರಡಾಗಿ ಸೀಳಿ, ಒಂದು ಪಾಲು ಈ ಬದಿ, ಇನ್ನೊಂದು ಪಾಲು ಆ ಬದಿ ಹರಿಯುತ್ತದೆ. ಹಾಯಿಯ ಉಬ್ಬಿದ ಬೆನ್ನಿನ ಕಡೆ ಗಾಳಿ ವೇಗ ಪಡೆಯುತ್ತದೆ, ಅಲ್ಲಿ ಒತ್ತಡ ಕಡಿಮೆ. ತಗ್ಗಿನ ಕಡೆ ಒತ್ತಡ ಜಾಸ್ತಿ. ಈ ವ್ಯತ್ಯಾಸವೇ ಹಾಯಿಯನ್ನು ಎಳೆಯುತ್ತದೆ. ದೋಣಿಯ ಅಡಿಯಲ್ಲಿ ನೀರಿಗಿಳಿದಿರುವ ಹಲಗೆ ಅಡ್ಡಡ್ಡ ಜಾರುವುದನ್ನು ತಡೆಯುತ್ತದೆ. ಹಾಗಾಗಿ ಎಳೆತದ ಬಹುಪಾಲು ದೋಣಿಯನ್ನು ಮುಂದಕ್ಕೆ ಒಯ್ಯುತ್ತದೆ.

ಗಾಳಿ ಬಟ್ಟೆಗೆ ಅಂಟಿಕೊಳ್ಳುವುದು ಅಂದರೆ ಹೇಗಿರುತ್ತದೆ ಅಂತ ಅಡುಗೆಮನೆಯಲ್ಲೇ ನೋಡಬಹುದು. ಸಣ್ಣಗೆ ಬೀಳುತ್ತಿರುವ ನಲ್ಲಿ ನೀರಿಗೆ ಚಮಚದ ಉಬ್ಬಿದ ಬೆನ್ನನ್ನು ಹಗುರವಾಗಿ ತಾಗಿಸಿ. ನೀರು ನೇರ ಬೀಳುವ ಬದಲು ಚಮಚದ ಬೆನ್ನನ್ನೇ ಹಿಡಿದು ಬಾಗುತ್ತದೆ. ಚಮಚ ನೀರಿನ ಕಡೆಗೆ ಎಳೆದ ಹಾಗೆ ಬೆರಳಿಗೆ ಗೊತ್ತಾಗುತ್ತದೆ. ಚಮಚವನ್ನು ಜಾಸ್ತಿ ಓರೆ ಮಾಡಿದರೆ ನೀರು ಬೆನ್ನು ಬಿಟ್ಟು ಚದುರುತ್ತದೆ, ಎಳೆತ ಹೋಗುತ್ತದೆ. ಹಾಯಿಯಲ್ಲೂ ಹಾಗೇ. ಗಾಳಿಗೆ ಹಾಯಿ ಹಿಡಿದ ಕೋನ ಜಾಸ್ತಿಯಾದರೆ ಬೆನ್ನಿನ ಗಾಳಿ ಕಿತ್ತುಕೊಂಡು ಸುಳಿಗಳಾಗುತ್ತದೆ. ಇದಕ್ಕೆ ಸ್ಟಾಲ್ ಅನ್ನುತ್ತಾರೆ. ಕೋನ ತೀರಾ ಕಡಿಮೆಯಾದರೆ ಗಾಳಿ ಬೆನ್ನಿನ ಕಡೆಯಿಂದಲೇ ಬಡಿಯಲು ಶುರುವಾಗಿ ಹಾಯಿಯ ಮುಂಅಂಚು ಪಟಪಟ ಅನ್ನುತ್ತದೆ.

ಪಟಪಟ ಅಂದರೆ ಕಿವಿಗೆ ಕೇಳುತ್ತದೆ, ಕಣ್ಣಿಗೂ ಕಾಣುತ್ತದೆ. ಸ್ಟಾಲ್ ಹಾಗಲ್ಲ. ಸ್ಟಾಲ್ ಆದ ಹಾಯಿ ನೋಡಲು ತುಂಬಿಕೊಂಡು ಚೆಂದವಾಗಿಯೇ ಇರುತ್ತದೆ. ಸದ್ದಿಲ್ಲ, ಸುಕ್ಕಿಲ್ಲ. ದೋಣಿ ಮಾತ್ರ ನಿಧಾನವಾಗುತ್ತಾ ಹೋಗುತ್ತದೆ. ದಾರ ಇಲ್ಲದಿದ್ದರೆ ಇದು ಗೊತ್ತಾಗುವುದೇ ಕಷ್ಟ. ನನ್ನ ಮಟ್ಟಿಗೆ ಟೆಲ್‌ಟೇಲ್ ಬೇಕಾಗಿರುವುದು ಮುಖ್ಯವಾಗಿ ಇದಕ್ಕೇ.

## ಹಳೆಯ ಉಪಾಯ

ಗಾಳಿಯ ಹರಿವನ್ನು ದಾರದಿಂದ ನೋಡುವ ಉಪಾಯ ದೋಣಿಯವರದ್ದು ಮಾತ್ರ ಅಲ್ಲ. ರೈಟ್ ಸಹೋದರರು 1902ರ ತಮ್ಮ ಗ್ಲೈಡರ್‌ನ, ಅಂದರೆ ಎಂಜಿನ್ ಇಲ್ಲದ ವಿಮಾನದ, ಮುಂಭಾಗದಲ್ಲಿ ಒಂದು ದಾರ ಕಟ್ಟಿದ್ದರು. ವಿಮಾನ ಪಕ್ಕಕ್ಕೆ ಜಾರುತ್ತಿದೆಯೇ ಅಂತ ಅದು ತೋರಿಸುತ್ತಿತ್ತು. ಇವತ್ತಿಗೂ ಗ್ಲೈಡರ್‌ಗಳ ಗಾಜಿನ ಮೇಲೆ ಅಂಥದ್ದೇ ದಾರ ಕಾಣಸಿಗುತ್ತದೆ. ವಿಮಾನದ ರೆಕ್ಕೆಗಳನ್ನು ಪರೀಕ್ಷಿಸುವಾಗ ಮೈತುಂಬ ದಾರದ ಎಳೆಗಳನ್ನು ಅಂಟಿಸುತ್ತಾರೆ. 1970ರ ದಶಕದಲ್ಲಿ ಬೋಯಿಂಗ್‌ನಲ್ಲಿದ್ದ ವಾಯುಚಲನ ತಜ್ಞ ಆರ್ವೆಲ್ ಜೆಂಟ್ರಿ ಇದೇ ಕಣ್ಣಿನಿಂದ ಹಾಯಿಯನ್ನು ನೋಡಿದರು. ಮುಂಅಂಚಿನಿಂದಲೇ ಶುರುವಾಗುವ ಚಿಕ್ಕ ಚಿಕ್ಕ ಎಳೆಗಳ ಒಂದು ಸಾಲನ್ನು ಹಾಯಿಗೆ ಅಂಟಿಸುವ ಪದ್ಧತಿ ಅವರ ಹೆಸರಿನಲ್ಲೇ ಇದೆ. ಗಾಳಿ ಮೊದಲು ಕಿತ್ತುಕೊಳ್ಳುವುದು ಮುಂಅಂಚಿನ ಹತ್ತಿರ. ಆ ಕಿತ್ತುಕೊಂಡ ಭಾಗ ಎಷ್ಟು ಅಗಲವಿದೆ ಅಂತ ಆ ಸಾಲು ತೋರಿಸುತ್ತದೆ.

## ಎರಡು ದಾರಗಳನ್ನು ಓದುವುದು

ಎರಡು ಪದ ಇಟ್ಟುಕೊಳ್ಳೋಣ. ಹಾಯಿಯ ಯಾವ ಬದಿಗೆ ಗಾಳಿ ನೇರ ಬಡಿಯುತ್ತದೋ ಅದು ಗಾಳಿಬದಿ. ಉಬ್ಬಿದ ಬೆನ್ನಿನ ಬದಿ ಮರೆಬದಿ. ದೋಣಿ ನಡೆಸುವವರು ಸಾಮಾನ್ಯವಾಗಿ ಗಾಳಿಬದಿಯಲ್ಲಿ ಕೂರುತ್ತಾರೆ. ಹಾಗಾಗಿ ಗಾಳಿಬದಿಯ ದಾರ ನೇರ ಕಾಣುತ್ತದೆ, ಮರೆಬದಿಯ ದಾರ ಬಟ್ಟೆಯ ಮೂಲಕ ನೆರಳಾಗಿ ಕಾಣುತ್ತದೆ.

ಎರಡೂ ದಾರ ಹಿಂದಕ್ಕೆ ನೇರವಾಗಿ ಚಾಚಿಕೊಂಡಿದ್ದರೆ ಎರಡೂ ಕಡೆ ಗಾಳಿ ಅಂಟಿಕೊಂಡೇ ಹರಿಯುತ್ತಿದೆ. ಎಲ್ಲವೂ ಸರಿ. ಗಾಳಿಬದಿಯ ದಾರ ಮೇಲೆದ್ದು ಕುಣಿಯಲು ಶುರುವಾದರೆ ಕೋನ ಕಡಿಮೆಯಾಗಿದೆ. ದೋಣಿಯನ್ನು ಗಾಳಿಗೆ ಜಾಸ್ತಿ ಮುಖ ಮಾಡಿ ಓಡಿಸುತ್ತಿದ್ದೀರಿ, ಇಲ್ಲವೇ ಹಾಯಿ ಸಡಿಲವಾಗಿದೆ. ಮರೆಬದಿಯ ದಾರ ಕುಣಿದರೆ, ಇಲ್ಲ ಜೋತುಬಿದ್ದು ಸುತ್ತತೊಡಗಿದರೆ ಕೋನ ಜಾಸ್ತಿಯಾಗಿದೆ. ಹಾಯಿ ಸ್ಟಾಲ್ ಆಗುತ್ತಿದೆ.

ಏನು ಮಾಡಬೇಕು ಅನ್ನುವುದಕ್ಕೆ ನೆನಪಿಡಲು ಒಂದೇ ಸೂತ್ರ ಸಾಕು: ಕುಣಿಯುವ ದಾರದ ಕಡೆಗೆ. ಟಿಲ್ಲರ್, ಅಂದರೆ ಚುಕ್ಕಾಣಿಯ ಹಿಡಿಕೋಲನ್ನು ಕುಣಿಯುತ್ತಿರುವ ದಾರದ ಬದಿಗೆ ಸ್ವಲ್ಪ ಸರಿಸಿ. ಹಾಯಿ ಹೊಂದಿಸುವವರಿಗೂ ಇದೇ ಸೂತ್ರ. ಗಾಳಿಬದಿಯ ದಾರ ಕುಣಿದರೆ ಹಾಯಿಯ ಹಗ್ಗ ಎಳೆದು ಬಟ್ಟೆಯನ್ನು ಆ ಕಡೆಗೆ ತನ್ನಿ. ಮರೆಬದಿಯ ದಾರ ಕುಣಿದರೆ ಹಗ್ಗ ಬಿಟ್ಟು ಬಟ್ಟೆಯನ್ನು ಆಚೆ ಕಡೆಗೆ ಬಿಡಿ. ಎರಡರಲ್ಲಿ ಒಂದನ್ನು ಮಾಡಿದರೆ ಸಾಕು. ಹಾಯಿ ಹಿಡಿದವರು ಮತ್ತು ಚುಕ್ಕಾಣಿ ಹಿಡಿದವರು ಇಬ್ಬರೂ ಒಟ್ಟಿಗೆ ಸರಿಪಡಿಸಲು ಹೋದರೆ ದಾರ ಈಚೆಯಿಂದ ಆಚೆಗೆ ಹಾರುತ್ತಲೇ ಇರುತ್ತದೆ.

ಎರಡು ತಪ್ಪುಗಳಲ್ಲಿ ಮರೆಬದಿಯ ದಾರ ಕುಣಿಯುವುದೇ ಜಾಸ್ತಿ ನಷ್ಟದ್ದು. ಒಮ್ಮೆ ಕಿತ್ತುಹೋದ ಗಾಳಿ ಮತ್ತೆ ಅಂಟಿಕೊಳ್ಳಲು ಸಮಯ ಬೇಕು. ಗಾಳಿಬದಿಯ ದಾರ ಆಗಾಗ ಒಂಚೂರು ಎದ್ದರೆ ತೊಂದರೆ ಇಲ್ಲ. ಜೋರು ಗಾಳಿಯಲ್ಲಿ ದೋಣಿ ವಾಲುವುದನ್ನು ತಗ್ಗಿಸಲು ಅನುಭವಿಗಳು ಬೇಕೆಂದೇ ಅದನ್ನು ಎಬ್ಬಿಸಿಕೊಂಡು ಓಡಿಸುತ್ತಾರೆ.

## ಮುಂದಿನ ಹಾಯಿಯಲ್ಲಿ ಎಲ್ಲಿ?

ಎರಡು ಹಾಯಿಯ ದೋಣಿಯಲ್ಲಿ ಮುಂದಿನದು ಜಿಬ್. ದಾರಗಳಿಗೆ ಅದೇ ಸರಿಯಾದ ಜಾಗ. ಯಾಕೆಂದರೆ ಅದರ ಮುಂದೆ ಒಂದು ತಂತಿ ಬಿಟ್ಟರೆ ಬೇರೇನೂ ಇಲ್ಲ, ಗಾಳಿ ಕದಡದೆ ಬಂದು ಸೇರುತ್ತದೆ.

ಎತ್ತರದಲ್ಲಿ ಮೂರು ಜೊತೆ ಬೇಕು. ಮುಂಅಂಚನ್ನು ನಾಲ್ಕು ಪಾಲು ಮಾಡಿಕೊಂಡು ಕಾಲು, ಅರ್ಧ, ಮುಕ್ಕಾಲು ಎತ್ತರದಲ್ಲಿ ಒಂದೊಂದು ಜೊತೆ. ಚುಕ್ಕಾಣಿ ಹಿಡಿದವರ ಕಣ್ಣು ಹೆಚ್ಚಾಗಿ ಕೆಳಗಿನ ಜೊತೆಯ ಮೇಲಿರುತ್ತದೆ. ಹಾಗಾಗಿ ಕೂತ ಜಾಗದಿಂದ ಅದು ಕಾಣಲೇಬೇಕು. ಕಾಲು ಭಾಗ ಅಂತ ಅಳತೆ ಹಿಡಿದು ಅಂಟಿಸಿ, ಆಮೇಲೆ ಅದು ಮಾಸ್ಟ್‌ನ ಹಿಂದೆ ಮರೆಯಾದರೆ ಏನು ಪ್ರಯೋಜನ? ಅಂಥಲ್ಲಿ ಒಂದಷ್ಟು ಮೇಲೆ ಕೆಳಗೆ ಮಾಡಿಕೊಳ್ಳಿ.

ಮೂರು ಜೊತೆ ಯಾಕೆ, ಒಂದು ಸಾಲದೆ? ನೀರಿನ ಮೈ ಗಾಳಿಯನ್ನು ತಡೆಯುತ್ತದೆ. ಹಾಗಾಗಿ ಕೆಳಗೆ ಗಾಳಿ ನಿಧಾನ, ಮೇಲೆ ಜೋರು. ಗಾಳಿಯೇ ಇಲ್ಲದ ದಿನ ಸೈಕಲ್ ತುಳಿದರೂ ಮುಖಕ್ಕೆ ಗಾಳಿ ಬಡಿಯುತ್ತದಲ್ಲ, ದೋಣಿಗೂ ಹಾಗೆ ತನ್ನ ಓಟದಿಂದ ಹುಟ್ಟಿದ ಗಾಳಿ ಮುಂದಿನಿಂದ ಬರುತ್ತದೆ. ನಿಜವಾದ ಗಾಳಿ ಮತ್ತು ಈ ಓಟದ ಗಾಳಿ ಸೇರಿದ್ದೇ ಹಾಯಿಗೆ ತಾಗುವ ಗಾಳಿ. ಮೇಲೆ ನಿಜವಾದ ಗಾಳಿಯ ಪಾಲು ಜಾಸ್ತಿ, ಆದ್ದರಿಂದ ಅಲ್ಲಿ ಗಾಳಿ ಇನ್ನಷ್ಟು ಪಕ್ಕದಿಂದ ಬಂದ ಹಾಗೆ ತಾಗುತ್ತದೆ. ಅದಕ್ಕೆ ಹೊಂದಬೇಕಾದರೆ ಹಾಯಿಯ ಮೇಲ್ಭಾಗ ಕೆಳಭಾಗಕ್ಕಿಂತ ಸ್ವಲ್ಪ ಹೊರಕ್ಕೆ ತಿರುಚಿಕೊಂಡಿರಬೇಕು. ಎಷ್ಟು ತಿರುಚಿಕೊಳ್ಳಬೇಕು ಅನ್ನುವುದನ್ನು ಮೂರು ಜೊತೆ ದಾರಗಳು ಹೇಳುತ್ತವೆ. ದೋಣಿಯನ್ನು ನಿಧಾನವಾಗಿ ಗಾಳಿಯ ಕಡೆ ತಿರುಗಿಸಿದಾಗ ಮೇಲಿನ ಗಾಳಿಬದಿಯ ದಾರ ಮೊದಲು ಎದ್ದರೆ ಮೇಲ್ಭಾಗ ಅತಿಯಾಗಿ ತೆರೆದಿದೆ. ಜಿಬ್‌ನ ಹಗ್ಗ ಹಾದುಬರುವ ರಾಟೆಯನ್ನು ಅದರ ಹಳಿಯ ಮೇಲೆ ಮುಂದಕ್ಕೆ ಸರಿಸಬೇಕು. ಕೆಳಗಿನದು ಮೊದಲು ಎದ್ದರೆ ಹಿಂದಕ್ಕೆ.

ಇನ್ನು ಅಂಚಿನಿಂದ ಎಷ್ಟು ಹಿಂದೆ? ತೀರಾ ಹತ್ತಿರ ಅಂಟಿಸಿದರೆ ಸಣ್ಣ ಅಲೆಗೂ ದಾರ ಬೆಚ್ಚಿಬೀಳುತ್ತದೆ, ಓದಲು ಆಗುವುದಿಲ್ಲ. ತೀರಾ ಹಿಂದೆ ಅಂಟಿಸಿದರೆ ಸುದ್ದಿ ತಡವಾಗಿ ಬರುತ್ತದೆ. ಅಷ್ಟರಲ್ಲಿ ಅರ್ಧ ಹಾಯಿ ಸ್ಟಾಲ್ ಆಗಿರುತ್ತದೆ. ಚಿಕ್ಕ ದೋಣಿಗೆ ಸುಮಾರು 15 ಸೆಂಟಿಮೀಟರ್, ದೊಡ್ಡದಕ್ಕೆ 30ರಿಂದ 45 ಸೆಂಟಿಮೀಟರ್ ಹಿಂದೆ ಅನ್ನುವುದು ಸಾಮಾನ್ಯ ಲೆಕ್ಕ. ಹಾಯಿ ಅಗಲವಾದಷ್ಟೂ ಹಿಂದಕ್ಕೆ.

ಎಲ್ಲಕ್ಕಿಂತ ಮುಖ್ಯವಾದದ್ದು ಹೊಲಿಗೆ. ಹಾಯಿ ಒಂದೇ ತುಂಡಿನ ಬಟ್ಟೆ ಅಲ್ಲ, ಪಟ್ಟಿಗಳನ್ನು ಅಂಕುಡೊಂಕು ಹೊಲಿಗೆಯಿಂದ ಜೋಡಿಸಿದ್ದು. ಉಣ್ಣೆಯ ನವಿರು ಎಳೆ ಈ ಹೊಲಿಗೆ ದಾರಕ್ಕೆ ಸಿಕ್ಕಿಕೊಳ್ಳುತ್ತದೆ. ಒಂದು ಮಧ್ಯಾಹ್ನ ನನಗೆ ಹಾಗೇ ಆಯಿತು. ಮರೆಬದಿಯ ನೆರಳು ಓರೆಯಾಗಿ ಮೇಲೆ ಎದ್ದು ನಿಂತಿತ್ತು. ಸ್ಟಾಲ್ ಅಂದುಕೊಂಡು ಟಿಲ್ಲರ್ ಸರಿಸಿದೆ, ಹಗ್ಗ ಬಿಟ್ಟೆ. ಹಾಯಿ ಪಟಪಟ ಅಂದಿತೇ ಹೊರತು ನೆರಳು ಕದಲಲಿಲ್ಲ. ಕೊನೆಗೆ ಸ್ನೇಹಿತರೊಬ್ಬರು ಮುಂದೆ ಹೋಗಿ ನೋಡಿದರೆ ದಾರದ ತುದಿಯ ಒಂದೇ ಒಂದು ಕೂದಲೆಳೆ ಹೊಲಿಗೆಯ ಮೂಲೆಗೆ ಕೊಕ್ಕೆ ಹಾಕಿಕೊಂಡಿತ್ತು. ಬೆರಳಿನಿಂದ ತಟ್ಟಿದ ಕೂಡಲೇ ಬಿಟ್ಟುಕೊಂಡು ನೇರ ಚಾಚಿಕೊಂಡಿತು. ಅಲ್ಲಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಅಂಟಿಸಿದ ಬಿಂದುವಿನಿಂದ ದಾರದ ಉದ್ದದಷ್ಟು ದೂರದೊಳಗೆ, ಮೇಲೆ, ಕೆಳಗೆ, ಹಿಂದೆ, ಎಲ್ಲೂ ಹೊಲಿಗೆ ಇರಬಾರದು. ದಾರ ಮುಂದಕ್ಕೆ ಮಗುಚಿದರೂ ಅಂಚು ದಾಟಿ ತಂತಿಗೆ ಸುತ್ತಿಕೊಳ್ಳಬಾರದು. ಅಂದರೆ ಅಂಚಿನಿಂದ ಇರುವ ದೂರಕ್ಕಿಂತ ದಾರ ಉದ್ದವಾಗಬಾರದು. ಇದಕ್ಕಾಗಿ ಎತ್ತರದ ಲೆಕ್ಕ ಒಂದು ಗೇಣು ಆಚೀಚೆ ಆದರೂ ಪರವಾಗಿಲ್ಲ.

## ದೊಡ್ಡ ಹಾಯಿಯಲ್ಲಿ ಹಿಂದಿನ ಅಂಚು

ಮಾಸ್ಟ್‌ಗೆ ಕಟ್ಟಿದ ದೊಡ್ಡ ಹಾಯಿಯ ಲೆಕ್ಕ ಬೇರೆ. ಅದರ ಮುಂಅಂಚಿನ ಎದುರಿಗೇ ಮಾಸ್ಟ್ ಇದೆ. ಕಂಬ ದಾಟಿ ಬರುವ ಗಾಳಿ ಕದಡಿಹೋಗಿರುತ್ತದೆ. ಅಲ್ಲಿ ಅಂಟಿಸಿದ ದಾರ ಯಾವಾಗಲೂ ಕುಣಿಯುತ್ತಲೇ ಇರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಹಾಗಾಗಿ ಇಲ್ಲಿ ರಿಬ್ಬನ್‌ಗಳನ್ನು ಹಿಂಅಂಚಿಗೆ ಹಾಕುತ್ತಾರೆ. ಹಾಯಿ ಬಿಗಿಯಾಗಿ ನಿಲ್ಲಲು ಅಡ್ಡಡ್ಡ ಸೇರಿಸಿದ ಪಟ್ಟಿಗಳಿರುತ್ತವೆ. ಅವು ಹಿಂಅಂಚಿಗೆ ಬಂದು ಮುಟ್ಟುವ ಜಾಗದಲ್ಲಿ ಒಂದೊಂದು ರಿಬ್ಬನ್.

ಇವು ಜೊತೆಯಲ್ಲ, ಒಂಟಿ. ಎರಡೂ ಬದಿಯ ಗಾಳಿ ಸರಿಯಾಗಿ ಬಂದು ಸೇರಿದರೆ ರಿಬ್ಬನ್ ಹಿಂದಕ್ಕೆ ನೇರ ಹಾರುತ್ತದೆ. ಮರೆಬದಿಯ ಗಾಳಿ ಕಿತ್ತುಹೋದರೆ ರಿಬ್ಬನ್ ಹಾಯಿಯ ಬೆನ್ನ ಹಿಂದೆ ಸುತ್ತಿಕೊಂಡು ಅಡಗುತ್ತದೆ. ಎಲ್ಲಕ್ಕಿಂತ ಹೆಚ್ಚು ತಿಳಿಸುವುದು ತುದಿಯ ರಿಬ್ಬನ್. ಅದು ಯಾವಾಗಲೂ ಅಡಗಿಯೇ ಇದ್ದರೆ ಹಾಯಿ ಜಾಸ್ತಿ ಬಿಗಿಯಾಗಿದೆ, ಹಗ್ಗ ಸ್ವಲ್ಪ ಬಿಡಬೇಕು. ಯಾವಾಗಲೂ ಹಾರುತ್ತಲೇ ಇದ್ದರೆ ಇನ್ನೊಂದಿಷ್ಟು ಎಳೆಯಬಹುದು. ಗಾಳಿಗೆ ಎದುರು ಸಾಗುವಾಗ ಅದು ಆಗಾಗ ಅಡಗಿ ಮತ್ತೆ ಹೊರಬರುತ್ತಿದ್ದರೆ ಸರಿಯಾದ ಹದ.

ಡಿಂಗಿ ಅನ್ನುವ, ಒಂದೇ ಹಾಯಿಯ ಚಿಕ್ಕ ದೋಣಿಗಳಲ್ಲಿ ಜಿಬ್ ಇರುವುದಿಲ್ಲ. ಅಲ್ಲಿ ಮಾಸ್ಟ್‌ನ ಕದಡಿದ ಗಾಳಿ ದಾಟಿದ ಮೇಲೆ, ಹಾಯಿಯ ಅಗಲದ ಸುಮಾರು ಮೂರನೇ ಒಂದು ಭಾಗ ಹಿಂದೆ, ಒಂದೆರಡು ಜೊತೆ ದಾರ ಅಂಟಿಸಿಕೊಳ್ಳಬಹುದು.

## ಯಾವ ದಾರ?

ದಾರಕ್ಕೆ ಬೇಕಾದದ್ದು ಮೂರೇ ಗುಣ: ಹಗುರ, ನೀರು ಹೀರಬಾರದು, ದೂರದಿಂದ ಕಾಣಬೇಕು. ಮೂರೂ ಒಂದರಲ್ಲೇ ಪೂರ್ತಿಯಾಗಿ ಸಿಗುವುದು ಅಪರೂಪ.

ಉಣ್ಣೆ ತುಂಬ ಹಗುರ, ಮೆಲ್ಲನೆಯ ಗಾಳಿಗೂ ಏಳುತ್ತದೆ. ಆದರೆ ಒದ್ದೆಯಾದರೆ ಬಟ್ಟೆಗೆ ಅಂಟಿ ಮಲಗಿಬಿಡುತ್ತದೆ. ನವಿರು ಇರುವುದರಿಂದ ಹೊಲಿಗೆಗೂ ಸಿಕ್ಕುತ್ತದೆ. ಅಕ್ರಿಲಿಕ್ ಹೆಣಿಗೆ ದಾರ ಅಷ್ಟು ನೀರು ಹೀರುವುದಿಲ್ಲ, ಸುಲಭವಾಗಿ ಸಿಗುತ್ತದೆ. ನೈಲಾನ್ ರಿಬ್ಬನ್ ಬೇಗ ಒಣಗುತ್ತದೆ, ಅಗಲ ಇರುವುದರಿಂದ ಚೆನ್ನಾಗಿ ಕಾಣುತ್ತದೆ, ನೂಲು ಬಿಚ್ಚಿಕೊಳ್ಳುವುದಿಲ್ಲ. ಆದರೆ ತೂಕ ಸ್ವಲ್ಪ ಜಾಸ್ತಿ, ಗಾಳಿ ತೀರಾ ಮಂದವಾದಾಗ ಸುಮ್ನೆ ಜೋತುಬೀಳುತ್ತದೆ. ಹಾಗಾಗಿ ಜಿಬ್‌ನ ಮುಂಅಂಚಿಗೆ ದಾರ, ದೊಡ್ಡ ಹಾಯಿಯ ಹಿಂಅಂಚಿಗೆ ನೈಲಾನ್ ರಿಬ್ಬನ್ ಅನ್ನುವುದು ಒಳ್ಳೆಯ ಹಂಚಿಕೆ. ನೀರು ಸಿಡಿಯುವ ಚಿಕ್ಕ ದೋಣಿಯಾದರೆ ಕೆಳಗಿನ ಜೊತೆಗಾದರೂ ಉಣ್ಣೆ ಬೇಡ. ಪಕ್ಕದ ತಂತಿಗಳಿಗೆ ಹಳೆಯ ಕ್ಯಾಸೆಟ್‌ನ ಟೇಪನ್ನು ಕಟ್ಟುವವರು ಇದ್ದಾರೆ. ಅದು ಎಷ್ಟು ತೆಳು ಅಂದರೆ ಉಸಿರು ತಾಗಿದರೂ ಅಲ್ಲಾಡುತ್ತದೆ.

ಉದ್ದ 15ರಿಂದ 20 ಸೆಂಟಿಮೀಟರ್ ಇರಲಿ. ಚಿಕ್ಕ ಹಾಯಿಗೆ ಇನ್ನೂ ಕಡಿಮೆ ಸಾಕು.

ಬಣ್ಣದಲ್ಲಿ ರೂಢಿ ಹೀಗಿದೆ: ಮುಂದಕ್ಕೆ ಮುಖ ಮಾಡಿ ನಿಂತಾಗ ಬಲಬದಿಗೆ ಹಸಿರು, ಎಡಬದಿಗೆ ಕೆಂಪು. ದೋಣಿಯ ದೀಪಗಳದ್ದೂ ಇದೇ ಬಣ್ಣ, ಹಾಗಾಗಿ ನೆನಪಿಡುವುದು ಸುಲಭ. ಕೆಂಪು, ಹಸಿರು ಬೇರೆಬೇರೆಯಾಗಿ ಕಾಣದವರು ಎರಡೂ ಕಡೆ ಕಪ್ಪು ಅಥವಾ ಕಡುನೀಲಿ ಹಾಕಿ, ಎತ್ತರದಲ್ಲಿ ವ್ಯತ್ಯಾಸ ಇಟ್ಟುಕೊಳ್ಳಬಹುದು. ಈ ಎತ್ತರದ ವ್ಯತ್ಯಾಸ ಎಲ್ಲರಿಗೂ ಉಪಯೋಗದ್ದೇ. ಬಲಬದಿಯ ದಾರವನ್ನು ಎಡಬದಿಯದಕ್ಕಿಂತ ಎರಡು ಮೂರು ಸೆಂಟಿಮೀಟರ್ ಮೇಲೆ ಅಂಟಿಸಿ. ಬಿಸಿಲು ಎದುರಿಗೆ ಇದ್ದಾಗ ಬಣ್ಣ ಗೊತ್ತಾಗುವುದಿಲ್ಲ, ಎರಡೂ ಕಪ್ಪು ಗೆರೆಗಳಾಗಿ ಕಾಣುತ್ತವೆ. ಆಗ ಮೇಲಿನದು ಯಾವುದು, ಕೆಳಗಿನದು ಯಾವುದು ಅನ್ನುವುದೊಂದೇ ಗುರುತು. ದಪ್ಪ ಬಟ್ಟೆಯ, ಇಲ್ಲವೇ ಬಣ್ಣದ ಹಾಯಿಯಾದರೆ ಮರೆಬದಿಯ ದಾರ ಕಾಣುವುದೇ ಇಲ್ಲ. ಅಂಥ ಹಾಯಿಗಳಿಗೆ ಹಾಯಿ ಹೊಲಿಯುವವರು ಪಾರದರ್ಶಕ ಕಿಟಕಿ ಇಟ್ಟುಕೊಡುತ್ತಾರೆ. ದಾರ ಆ ಕಿಟಕಿಯಲ್ಲಿ ಬರಬೇಕು.

## ಅಂಟಿಸುವ ಕೆಲಸ

ಎರಡು ದಾರಿ ಇವೆ. ಒಂದು ಸೂಜಿಯದ್ದು. ಎರಡರಷ್ಟು ಉದ್ದದ ದಾರವನ್ನು ಸೂಜಿಯಿಂದ ಬಟ್ಟೆಯ ಮೂಲಕ ದಾಟಿಸಿ, ಎರಡೂ ಬದಿಯಲ್ಲಿ ಬಟ್ಟೆಗೆ ತಾಗುವಂತೆ ಒಂದೊಂದು ಗಂಟು ಹಾಕುವುದು. ಇದು ಕಿತ್ತುಬರುವುದಿಲ್ಲ. ಆದರೆ ಎರಡೂ ಬದಿಗೆ ಒಂದೇ ಬಣ್ಣ, ಒಂದೇ ಎತ್ತರ. ನೇಯ್ದ ಪಾಲಿಯೆಸ್ಟರ್ ಹಾಯಿಗೆ ಮಾತ್ರ ಈ ವಿಧಾನ. ಪದರಗಳನ್ನು ಅಂಟಿಸಿ ಮಾಡಿದ ಲ್ಯಾಮಿನೇಟ್ ಹಾಯಿಗೆ ಸೂಜಿ ಹಾಕಬೇಡಿ. ಅದರ ತೆಳು ಪ್ಲಾಸ್ಟಿಕ್ ಪದರದಲ್ಲಿ ಆದ ತೂತು ಮುಂದೆ ಹಾಯಿ ಹರಿದುಹೋಗುವುದಕ್ಕೆ ದಾರಿಯಾಗಬಹುದು.

ಇನ್ನೊಂದು ಸ್ಟಿಕ್ಕರ್‌ನದ್ದು. ಹಾಯಿ ರಿಪೇರಿ ಮಾಡುವ ಅಂಟುಬಟ್ಟೆಯಿಂದ ದುಂಡನೆಯ ತುಂಡು ಕತ್ತರಿಸಿಕೊಂಡರೆ ಆಯಿತು. ದುಂಡಗೆ ಯಾಕೆಂದರೆ, ಚೌಕದ ಮೂಲೆಗಳು ಮೊದಲು ಏಳುತ್ತವೆ. ದಾರದ ಒಂದು ತುದಿಗೆ ಗಂಟು ಹಾಕಿ, ಗಂಟು ಸ್ಟಿಕ್ಕರ್‌ನ ಅಡಿಗೆ ಬರುವ ಹಾಗೆ ಇಡಿ. ಆಗ ದಾರ ಜಾರಿಹೋಗುವುದಿಲ್ಲ.

ಹಾಯಿಯನ್ನು ನೆಲಕ್ಕೆ ಹಾಸುವ ಮೊದಲು ಒಂದು ಕೆಲಸ ಮಾಡಿ. ಮಂದ ಗಾಳಿಯಲ್ಲಿ, ದೋಣಿ ಕಟ್ಟಿರುವಾಗಲೇ ಹಾಯಿ ಏರಿಸಿ, ಚುಕ್ಕಾಣಿಯ ಜಾಗದಲ್ಲಿ ಕೂತು ನೋಡಿ. ಯಾವ ಭಾಗ ಕಾಣುತ್ತದೆ, ಹೊಲಿಗೆ ಎಲ್ಲಿದೆ ಅಂತ ಗಮನಿಸಿ. ಕೈಗೆ ಎಟಕುವ ಕಡೆ ಪೆನ್ಸಿಲ್‌ನಿಂದ ಗುರುತು ಹಾಕಿ. ಆಮೇಲೆ ಇಳಿಸಿ, ಒಣ ಜಾಗದಲ್ಲಿ ಹಾಸಿ. ಉಪ್ಪುನೀರಿನಲ್ಲಿ ಓಡಿದ ಹಾಯಿಯಾದರೆ ಆ ಜಾಗವನ್ನು ಮೊದಲು ಸಿಹಿನೀರಿನಿಂದ ತೊಳೆಯಿರಿ. ಉಪ್ಪಿನ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ. ಪೂರ್ತಿ ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಿಂದ ಒರೆಸಿ, ಅದೂ ಆರಲಿ. ಸ್ಟಿಕ್ಕರ್ ಇಟ್ಟು ನಡುವಿನಿಂದ ಅಂಚಿನ ಕಡೆಗೆ ಹೆಬ್ಬೆರಳಿನಿಂದ ಒತ್ತುತ್ತಾ ಬನ್ನಿ. ದಾರದ ಪಕ್ಕದಲ್ಲಿ ಸಣ್ಣ ಗಾಳಿಗುಳ್ಳೆ ಉಳಿಯುತ್ತದೆ, ನೀರು ಒಳಗೆ ಹೋಗುವುದು ಅಲ್ಲಿಂದಲೇ. ಉಗುರಿನ ತುದಿಯಿಂದ ದಾರದ ಎರಡೂ ಪಕ್ಕ ಗೀರಿ ಅದನ್ನು ಕೂರಿಸಿಬಿಡಿ.

## ದಾರ ತಪ್ಪು ಹೇಳುವಾಗ

ದಾರವನ್ನೂ ಕುರುಡಾಗಿ ನಂಬಬಾರದು. ಮಳೆಯಲ್ಲಿ ಬಟ್ಟೆಗೆ ಅಂಟಿದ ದಾರ ನೇರವಾಗಿ ಹರಿಯುತ್ತಿರುವ ದಾರದ ಹಾಗೇ ಕಾಣುತ್ತದೆ. ಹರಿಯುವ ದಾರದ ತುದಿ ಸಣ್ಣಗೆ ನಡುಗುತ್ತಿರುತ್ತದೆ, ಅಂಟಿದ್ದು ಸ್ವಲ್ಪವೂ ಅಲ್ಲಾಡುವುದಿಲ್ಲ. ಒಣ ಹವೆಯಲ್ಲಿ ನೈಲಾನ್ ರಿಬ್ಬನ್ ಪ್ಲಾಸ್ಟಿಕ್ ಕಿಟಕಿಗೆ ಅಂಟಿಕೊಳ್ಳುವುದೂ ಇದೆ. ಅದು ಬಾಚಣಿಗೆಗೆ ಕೂದಲು ಅಂಟಿದ ಹಾಗೆ, ಸ್ಥಿರ ವಿದ್ಯುತ್ತಿನ ಕೆಲಸ.

ಗಾಳಿ ಬೆನ್ನ ಹಿಂದಿನಿಂದ ಬರುವಾಗ ಹಾಯಿ ರೆಕ್ಕೆಯಾಗಿ ಕೆಲಸ ಮಾಡುವುದಿಲ್ಲ, ಸುಮ್ನೆ ತಳ್ಳಿಸಿಕೊಳ್ಳುವ ತಡೆಯಾಗುತ್ತದೆ. ಅಂಟಿಕೊಂಡು ಹರಿಯುವ ಗಾಳಿಯೇ ಇಲ್ಲದ ಮೇಲೆ ದಾರಕ್ಕೆ ಹೇಳಲು ಏನೂ ಇರುವುದಿಲ್ಲ. ಆಗ ಅದು ಹೇಗೆ ಕುಣಿದರೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಮಾಸ್ಟ್‌ನ ತುದಿಯ ಬಾಣವನ್ನೂ ತಂತಿಯ ದಾರವನ್ನೂ ನೋಡಬೇಕು. ಗಾಳಿ ಪಕ್ಕದಿಂದ ಬರುವಾಗ ಮಾತ್ರ ಎದುರು ಸಾಗುವಾಗಿನಷ್ಟೇ ಉಪಯೋಗ ಇದೆ. ಆದರೆ ಆಗ ದೋಣಿ ಒಂದು ಗುರಿ ಹಿಡಿದು ಹೋಗುತ್ತಿರುತ್ತದೆ, ಹಾಗಾಗಿ ದಾರ ನೋಡಿ ಸರಿಪಡಿಸಬೇಕಾದದ್ದು ಚುಕ್ಕಾಣಿಯನ್ನಲ್ಲ, ಹಾಯಿಯ ಹಗ್ಗವನ್ನು.

ಹೊಸದಾಗಿ ಅಂಟಿಸಿದ ಮೇಲೆ ಮೊದಲ ಸಲ ನೀರಿಗೆ ಇಳಿದಾಗ ಹತ್ತು ನಿಮಿಷ ಅದಕ್ಕೇ ಕೊಡಿ. ಹದವಾದ ಗಾಳಿಯಲ್ಲಿ ಎಲ್ಲ ದಾರಗಳೂ ನೇರ ಹರಿಯುವ ಹಾಗೆ ದೋಣಿ ಓಡಿಸಿಕೊಂಡು, ತುಂಬ ನಿಧಾನವಾಗಿ ಗಾಳಿಯ ಕಡೆಗೆ ತಿರುಗಿಸಿ. ಗಾಳಿಬದಿಯ ಮೂರೂ ದಾರ ಹೆಚ್ಚು ಕಮ್ಮಿ ಒಟ್ಟಿಗೇ ಏಳಬೇಕು. ಮತ್ತೆ ಗಾಳಿಯಿಂದ ದೂರಕ್ಕೆ ತಿರುಗಿಸಿದಾಗ ಆಚೆ ಬದಿಯ ಮೂರು ನೆರಳುಗಳೂ ಹಾಗೇ ಕುಣಿಯಬೇಕು. ರಾಟೆ ಎಲ್ಲಿಗೆ ಸರಿಸಿದರೂ ಒಂದೇ ಒಂದು ದಾರ ಬೇರೆಯವುಗಳ ಜೊತೆ ಸೇರದೆ ತನ್ನ ಪಾಡಿಗೆ ತಾನಿದ್ದರೆ, ಹಾಯಿಯನ್ನು ದೂರುವ ಮೊದಲು ಆ ದಾರದ ಹತ್ತಿರ ಹೋಗಿ ನೋಡಿ. ಒದ್ದೆಯಾಗಿರುತ್ತದೆ, ಇಲ್ಲವೇ ಎಲ್ಲೋ ಒಂದು ಎಳೆ ಸಿಕ್ಕಿಕೊಂಡಿರುತ್ತದೆ.